ಟೆಕ್ಸಸ್ ಗಡಿಯ ಕೊಲೋನಿಯಾಗಳು: ನೀರು ಯಾಕೆ ನಿಲ್ಲುತ್ತೆ, ಪರಿಹಾರದ ಅರ್ಜಿ ಯಾಕೆ ಬೀಳುತ್ತೆ

ಕಾಲುವೆಗುಂಟ:
ಟೆಕ್ಸಸ್‌ನ ದಕ್ಷಿಣ ತುದಿಯಲ್ಲಿ, ಮೆಕ್ಸಿಕೊ ಗಡಿಯಲ್ಲಿರುವ ರಿಯೊ ಗ್ರಾಂಡೆ ಕಣಿವೆಯ ನೆರೆ ಬಗ್ಗೆ ಈ ವೇದಿಕೆಯ ಬೇರೆ ಬೇರೆ ಚರ್ಚೆಯ ಎಳೆಗಳಲ್ಲಿ ಚದುರಿದ ಪ್ರಶ್ನೆಗಳಿವೆ. ಎಲ್ಲವೂ ಒಂದೇ ಕಡೆ ಸಿಗಲಿ ಅಂತ ಈ ಎಳೆ ಶುರು ಮಾಡ್ತಿದ್ದೇನೆ. 2008ರ ಜುಲೈನಲ್ಲಿ ಡಾಲಿ ಚಂಡಮಾರುತ, 2018ರ ಜೂನ್, 2019ರ ಜೂನ್, 2020ರ ಜುಲೈನಲ್ಲಿ ಹ್ಯಾನಾ, ಆಮೇಲೆ 2025ರ ಮಾರ್ಚ್ ಕೊನೆ ವಾರದ ಮಳೆ. ಇವುಗಳಲ್ಲಿ ಮೂರಕ್ಕೆ ಚಂಡಮಾರುತದ ಹೆಸರೇ ಇಲ್ಲ, ಅವು ಬರೀ ಮಳೆ. ಆದರೂ ಪ್ರತಿ ಸಲ ನೀರು ಹೊಕ್ಕುವುದು ಅವೇ ಬಡಾವಣೆಗಳಿಗೆ. ಸ್ಪ್ಯಾನಿಷ್‌ನಲ್ಲಿ ಅವನ್ನು ಕೊಲೋನಿಯಾ ಅಂತಾರೆ. ಪಟ್ಟಣದ ಗಡಿಯ ಹೊರಗೆ, ಹೊಲವನ್ನು ತುಂಡು ಮಾಡಿ ಮಾರಿದ ನಿವೇಶನಗಳು ಅವು. ಟೆಕ್ಸಸ್‌ನಲ್ಲಿ ಇಂಥವು 2,000ಕ್ಕೂ ಹೆಚ್ಚಿವೆ. ಅತಿ ಹೆಚ್ಚು ಇರುವುದು ಹಿಡಾಲ್ಗೊ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಅಲ್ಲಿರುವವರಲ್ಲಿ ಬಹುಪಾಲು ಮೆಕ್ಸಿಕನ್ ಮೂಲದ ಕೂಲಿ ಕುಟುಂಬಗಳು. ಹೊಲ, ಕಟ್ಟಡ, ಮನೆಗೆಲಸ ಅವರ ದುಡಿಮೆ.

ವಿಷಯ ಬಲ್ಲವರು ವಿವರವಾಗಿ ಬರೆಯಿರಿ. "ಬಡವರಿಗೆ ಅನ್ಯಾಯ" ಅನ್ನುವುದು ಎಲ್ಲರಿಗೂ ಗೊತ್ತು. ಆ ಅನ್ಯಾಯ ಯಾವ ಪೈಪಿನಲ್ಲಿ, ಯಾವ ಕಾಗದದಲ್ಲಿ ಕೂತಿದೆ ಅನ್ನುವುದು ಬೇಕು.

ಹೊಸಬ:
ನಕ್ಷೆ ನೋಡಿದರೆ ನದಿ ಪಕ್ಕದಲ್ಲೇ ಹರಿಯುತ್ತೆ. ಮಳೆ ನೀರು ಅದಕ್ಕೇ ಯಾಕೆ ಹೋಗಲ್ಲ?

ಮಳೆಮಾಪಕ:
ಹೆಸರಿಗೆ ಕಣಿವೆ, ನೆಲ ನೋಡಿದರೆ ಅದು ನದೀಮುಖಜ ಭೂಮಿ. ಸಾವಿರಾರು ವರ್ಷ ಹೂಳು ತಂದು ಹಾಕಿ ನದಿ ತನ್ನ ದಂಡೆಯನ್ನೇ ಎತ್ತರ ಮಾಡಿಕೊಂಡಿದೆ. ಹಾಗಾಗಿ ನೆಲ ನದಿಯಿಂದ ದೂರಕ್ಕೆ, ಉತ್ತರಕ್ಕೂ ಪೂರ್ವಕ್ಕೂ ಇಳಿಯುತ್ತೆ. ಇಳಿಜಾರು ಮೈಲಿಗೆ ಒಂದೆರಡು ಅಡಿ ಇದ್ದರೆ ಹೆಚ್ಚು. ಕಣಿವೆಯಲ್ಲಿ ಬಿದ್ದ ಮಳೆ ಕೊನೆಗೆ ಸೇರಬೇಕಾದದ್ದು ಲಗೂನಾ ಮಾದ್ರೆ ಅನ್ನುವ ಹಿನ್ನೀರನ್ನು. ಅಲ್ಲಿಗೆ ಹತ್ತಾರು ಮೈಲಿ ದೂರ. ನದಿಯ ಹಳೆಯ ಪಾತ್ರಗಳು, ಅಂದರೆ ರೆಸಾಕಗಳು, ಅಲ್ಲಲ್ಲಿ ಉಳಿದಿವೆ. ಆದರೆ ಎಷ್ಟೋ ಕಡೆ ಮುಚ್ಚಿಹೋಗಿವೆ.

ಇದರ ಮೇಲೆ ನೀರಾವರಿ ಕಾಲುವೆಗಳು. ಹೊಲಕ್ಕೆ ನೀರು ತಾನಾಗಿ ಇಳಿಯಲಿ ಅಂತ ಅವನ್ನು ನೆಲಕ್ಕಿಂತ ಎತ್ತರದಲ್ಲಿ, ಏರಿ ಹಾಕಿ ಕಟ್ಟಿದ್ದಾರೆ. ಹೊರಗಿನವರಿಗೆ ಅವು ಚರಂಡಿ ಹಾಗೆ ಕಾಣುತ್ತವೆ, ಆದರೆ ಅವು ಚರಂಡಿಯಲ್ಲ. ಮಳೆ ಬಂದಾಗ ಆ ಏರಿಯೇ ಒಡ್ಡಾಗಿ ಹೊಲದ ನೀರನ್ನು ತಡೆದು ನಿಲ್ಲಿಸುತ್ತೆ. ಕೊಲೋನಿಯಾ ಎದ್ದಿರುವುದು ಬಹಳ ಸಲ ಆ ಏರಿಯ ತಗ್ಗಿನ ಮಗ್ಗುಲಲ್ಲೇ, ಯಾಕೆಂದರೆ ಬೆಳೆ ಬಾರದ ಜವುಗು ನೆಲವೇ ಅಗ್ಗಕ್ಕೆ ಮಾರಾಟಕ್ಕೆ ಬಂದದ್ದು.

ಈಗ ಒಂದು ಹನಿಯ ದಾರಿ ಹಿಡಿಯಿರಿ. ಮನೆ ಅಂಗಳದಿಂದ ರಸ್ತೆ ಬದಿಯ ಚರಂಡಿಗೆ. ಅಲ್ಲಿ ಪ್ರತಿ ಮನೆಯ ಗೇಟಿನ ಮುಂದೆ ಒಂದು ಪೈಪು, ಅದು ಮನೆಯವರದ್ದು. ಚರಂಡಿ ಕೌಂಟಿಯದ್ದು. ಅದು ಹೋಗಿ ಸೇರುವ ದೊಡ್ಡ ಕಾಲುವೆ ಡ್ರೇನೇಜ್ ಡಿಸ್ಟ್ರಿಕ್ಟ್‌ನದ್ದು, ಅಂದರೆ ಮಳೆ ನೀರಿನ ಕಾಲುವೆ ನೋಡಿಕೊಳ್ಳುವ ಪ್ರತ್ಯೇಕ ಸ್ಥಳೀಯ ಸಂಸ್ಥೆಯದ್ದು. ಮಧ್ಯೆ ನೀರಾವರಿ ಕಾಲುವೆಯ ಅಡಿಯಲ್ಲಿ ದಾಟಬೇಕಾದರೆ ಆ ಕಾಲುವೆ ನಡೆಸುವ ಸಂಸ್ಥೆ, ಅಂದರೆ ಇರಿಗೇಶನ್ ಡಿಸ್ಟ್ರಿಕ್ಟ್ ಒಪ್ಪಬೇಕು. ಹೆದ್ದಾರಿ ದಾಟಬೇಕಾದರೆ ರಾಜ್ಯದ ಸಾರಿಗೆ ಇಲಾಖೆ. ಐದು ಯಜಮಾನರು. ಒಬ್ಬರು ಕೈ ಎತ್ತಿದರೂ ನೀರು ಅಲ್ಲೇ.

ಗೇಟಿನ ಮುಂದಿನ ಪೈಪು ನೋಡಲು ಸಣ್ಣದು, ಮಾಡುವ ಹಾನಿ ದೊಡ್ಡದು. 18 ಇಂಚಿನ ಪೈಪು ಇರಬೇಕಾದ ಕಡೆ ಕೈಗೆ ಸಿಕ್ಕ 12 ಇಂಚಿನದ್ದು ಹಾಕಿದರೆ ಮೂರರಲ್ಲಿ ಎರಡು ಪಾಲು ಸಿಗುತ್ತೆ ಅಂತ ಅನಿಸುತ್ತೆ. ಹಾಗಲ್ಲ. ಅದೇ ಇಳಿಜಾರಿನಲ್ಲಿ ತುಂಬಿ ಹರಿಯುವ ಪೈಪಿನ ಸಾಮರ್ಥ್ಯ ವ್ಯಾಸದ 8/3 ಘಾತಕ್ಕೆ ತಕ್ಕಂತೆ ಇಳಿಯುತ್ತೆ, ಅಂದರೆ ಮೂರರಲ್ಲಿ ಒಂದು ಪಾಲು ಮಾತ್ರ ಹೋಗುತ್ತೆ. 18 ಇಂಚಿನದ್ದೇ ಇದ್ದು ಅರ್ಧದವರೆಗೆ ಹೂಳು ತುಂಬಿದ್ದರೂ ಕಥೆ ಅಷ್ಟೇ: ನೂರಕ್ಕೆ 36ರಷ್ಟು. ಒಂದು ಬೀದಿಯ ಇಪ್ಪತ್ತು ಗೇಟಿನ ಪೈಪುಗಳಲ್ಲಿ ಒಂದು ಹೀಗಿದ್ದರೂ ಅದರ ಮೇಲಿನ ಮನೆಗಳಿಗೆಲ್ಲ ಅದೇ ಅಳತೆ.

ಹೊಸಬ:
ಹಾಗಾದರೆ ನಿವೇಶನ ಮಾರಿದವರು ಚರಂಡಿ ಮಾಡಿಕೊಡಲೇ ಇಲ್ವಾ? ನಮ್ಮ ಕಡೆ ರೆವಿನ್ಯೂ ಸೈಟ್ ಅಂತೀವಲ್ಲ, ಹಾಗೆ ಕಾಣುತ್ತೆ.

ಕಾಗದಪತ್ರ:
ಹೋಲಿಕೆ ಸ್ವಲ್ಪ ಮಟ್ಟಿಗೆ ಸರಿ. ಒಂದು ವ್ಯತ್ಯಾಸ ಮುಖ್ಯ. ಕೊಲೋನಿಯಾದಲ್ಲಿ ಹೆಚ್ಚಿನ ಮಾರಾಟ ನಡೆದದ್ದು "ಕಾಂಟ್ರ್ಯಾಕ್ಟ್ ಫಾರ್ ಡೀಡ್" ಮೇಲೆ. ಕಂತು ಕಟ್ಟುತ್ತಾ ಹೋಗಬೇಕು, ಕೊನೆಯ ಕಂತು ಮುಗಿಯುವವರೆಗೆ ಹಕ್ಕುಪತ್ರ ಮಾರಿದವನ ಹೆಸರಲ್ಲೇ. ಹತ್ತು ವರ್ಷ ಕಟ್ಟಿ ಎರಡು ಕಂತು ತಪ್ಪಿದರೆ ನೆಲವೂ ಹೋಯ್ತು, ಅದರ ಮೇಲೆ ಕಟ್ಟಿದ ಮನೆಯೂ ಹೋಯ್ತು. 1950ರ ದಶಕದಿಂದ ಹೀಗೇ ಮಾರಿದರು. ನೀರಿಲ್ಲ, ಒಳಚರಂಡಿ ಇಲ್ಲ, ರಸ್ತೆ ಇಲ್ಲ. ಟೆಕ್ಸಸ್‌ನಲ್ಲಿ ಕೌಂಟಿಗಳಿಗೆ ಪಟ್ಟಣಗಳಿಗಿರುವ ವಲಯ ನಿಯಂತ್ರಣದ ಅಧಿಕಾರವಿಲ್ಲ. ತಡೆಯಬೇಕಾದವರ ಕೈಯಲ್ಲಿ ಕಾನೂನೇ ಇರಲಿಲ್ಲ.

1989ರಲ್ಲಿ ರಾಜ್ಯ ಒಂದು ಯೋಜನೆ ತಂದಿತು, ಹಿಂದುಳಿದ ಪ್ರದೇಶಗಳಿಗೆ ನೀರು ಮತ್ತು ಒಳಚರಂಡಿಗೆ ಹಣ. ಹಣ ಬೇಕಾದರೆ ಕೌಂಟಿಯು ರಾಜ್ಯದ ಮಾದರಿ ಬಡಾವಣೆ ನಿಯಮಗಳನ್ನು ಒಪ್ಪಬೇಕು. 1995ರ ಕಾನೂನು ಮಾರಾಟಗಾರರನ್ನು ಇನ್ನಷ್ಟು ಬಿಗಿ ಮಾಡಿತು. 2015ರ ತಿದ್ದುಪಡಿಯಿಂದ ಕಂತಿನ ಕರಾರನ್ನು ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನೋಂದಾಯಿಸಿದರೆ ಹಕ್ಕು ಕೊಂಡವರಿಗೆ ವರ್ಗವಾಗುತ್ತೆ, ಮಾರಿದವನಿಗೆ ಬಾಕಿಯ ಮೇಲಿನ ಹಿಡಿತ ಮಾತ್ರ ಉಳಿಯುತ್ತೆ. ಆದರೆ ಈ ಇಡೀ ಸುಧಾರಣೆಯಲ್ಲಿ ಹಣದ ಯೋಜನೆ ನಲ್ಲಿ ನೀರಿಗೂ ಮಲಿನ ನೀರಿಗೂ ಮಾತ್ರ. 2019ರ ನವೆಂಬರ್‌ನಲ್ಲಿ ಮತದಾರರು ಅದೇ ಯೋಜನೆಗೆ 20 ಕೋಟಿ ಡಾಲರ್ ಬಾಂಡ್ ಒಪ್ಪಿದಾಗಲೂ ಮಳೆ ನೀರಿನ ಚರಂಡಿ ಅದರೊಳಗೆ ಬರಲಿಲ್ಲ. ಕೊಲೋನಿಯಾ ಬಗ್ಗೆ ಮಾತಾಡುವಾಗ ಇದನ್ನು ಯಾರೂ ಒತ್ತಿ ಹೇಳಲ್ಲ, ಅದು ನನಗೆ ನೋವಿನ ವಿಷಯ. ನಲ್ಲಿ ಬಂದ ಬೀದಿಯನ್ನು "ಅಭಿವೃದ್ಧಿ ಆಗಿದೆ" ಅಂತ ಬರೆದುಕೊಳ್ತಾರೆ, ಅದೇ ಬೀದಿ ಜೂನ್‌ನಲ್ಲಿ ಮೊಣಕಾಲು ನೀರಲ್ಲಿ ನಿಂತಿರುತ್ತೆ.

ಕಾಲುವೆಗುಂಟ:
ಅದಕ್ಕೆ ಸೇರಿಸುತ್ತೇನೆ. ಯಾವ ಕೊಲೋನಿಯಾದಲ್ಲಿ ಏನಿದೆ ಏನಿಲ್ಲ ಅಂತ ಬಣ್ಣ ಹಚ್ಚಿ ವರ್ಗ ಮಾಡುತ್ತಿದ್ದ ಕೆಲಸ ರಾಜ್ಯದ ಕಾರ್ಯದರ್ಶಿ ಕಚೇರಿಯಲ್ಲಿತ್ತು. 2017ರಲ್ಲಿ ಗವರ್ನರ್ ವೀಟೋದಿಂದ ಆ ಹಣ ನಿಂತಿತು. ಮರುವರ್ಷವೇ ಜೂನ್ ನೆರೆ. ಆ ವರ್ಷ ನವೆಂಬರ್‌ನಲ್ಲಿ ಹಿಡಾಲ್ಗೊ ಕೌಂಟಿಯ ಡ್ರೇನೇಜ್ ಡಿಸ್ಟ್ರಿಕ್ಟ್ 19 ಕೋಟಿ ಡಾಲರ್ ಬಾಂಡಿಗೆ ಮತ ಕೇಳಿತು, ಜನ ಒಪ್ಪಿದರು. ದೊಡ್ಡ ಕಾಲುವೆಗಳಿಗೆ ಅದು ಬೇಕೇ ಬೇಕು. ಆದರೆ ಬೀದಿಯೊಳಗಿನ ಚರಂಡಿ ದೊಡ್ಡ ಕಾಲುವೆಗೆ ಕೂಡಿಕೊಳ್ಳದಿದ್ದರೆ ಮನೆ ಮುಂದಿನ ನೀರಿಗೆ ಆ ಕಾಲುವೆ ಇದ್ದೂ ಇಲ್ಲದ ಹಾಗೆ.

ಹೊಸಬ:
ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಪರಿಹಾರ ಕೊಡುತ್ತಲ್ಲ? ಅದು ಯಾಕೆ ಇವರಿಗೆ ಸಿಗಲ್ಲ?

ಕಾಗದಪತ್ರ:
2008ರ ಡಾಲಿಯಿಂದ ಶುರು ಮಾಡೋಣ. ಕಣಿವೆಯ ಸಾವಿರಾರು ಬಡ ಕುಟುಂಬಗಳ ಅರ್ಜಿ ತಿರಸ್ಕಾರವಾಯಿತು. ಕೊಟ್ಟ ಕಾರಣ "ದುರಸ್ತಿ ಮಾಡದೆ ಬಿಟ್ಟದ್ದು", ಅಂದರೆ ಮನೆ ಮೊದಲೇ ಹಾಳಾಗಿತ್ತು, ಚಂಡಮಾರುತ ಮಾಡಿದ್ದಲ್ಲ ಅಂತ. ಆ ಅಳತೆಗೋಲು ಎಲ್ಲೂ ಪ್ರಕಟವಾಗಿರಲಿಲ್ಲ. ಲಾ ಯೂನಿಯನ್ ದೆಲ್ ಪುಯೆಬ್ಲೊ ಎಂತೆರೊ, ಅಂದರೆ 1989ರಲ್ಲಿ ಸೀಸರ್ ಚಾವೆಜ್ ಮತ್ತು ಡೊಲೋರೆಸ್ ಹುಯೆರ್ಟಾ ಕಟ್ಟಿದ ಲೂಪೆ ಸಂಘಟನೆ, ಫೆಮಾ ಮೇಲೆ ಕೇಸು ಹಾಕಿತು. ವಕೀಲರು ಟೆಕ್ಸಸ್ ರಿಯೊಗ್ರಾಂಡೆ ಲೀಗಲ್ ಏಡ್ ಕಡೆಯವರು. ಕೇಸು ವರ್ಷಗಟ್ಟಲೆ ಎಳೆಯಿತು. 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಹೊಸ ನಿಯಮದಲ್ಲಿ, ಮೊದಲೇ ಸ್ವಲ್ಪ ಹಾಳಾಗಿದ್ದ ಭಾಗಕ್ಕೆ ನೆರೆಯಿಂದ ಮತ್ತೆ ಹಾನಿಯಾದರೆ ಅದಕ್ಕೂ ನೆರವು ಸಿಗಬಹುದು ಅಂತ ಬದಲಾಯಿತು.

ಈಗ ಅರ್ಜಿ ಹಾಕುವವರಿಗೆ ಕೆಲಸಕ್ಕೆ ಬರುವ ಮಾತು.

ಮೊದಲನೆಯದು, ಕೇಂದ್ರ ಸರ್ಕಾರ ವಿಪತ್ತು ಅಂತ ಘೋಷಿಸುವ ಮುಂಚೆಯೇ ರಾಜ್ಯದ ಐ-ಸ್ಟಾಟ್ ಅನ್ನುವ ಆನ್‌ಲೈನ್ ಸಮೀಕ್ಷೆಯಲ್ಲಿ ಹಾನಿ ದಾಖಲಿಸಬೇಕು. ಅದು ಅರ್ಜಿಯಲ್ಲ, ಹಣವೂ ಬರಲ್ಲ. ಆದರೆ ಕೇಂದ್ರದ ಘೋಷಣೆ ಕೇಳಲು ರಾಜ್ಯ ತೋರಿಸುವ ಲೆಕ್ಕ ಅದು. ಇಂಟರ್ನೆಟ್ ಇಲ್ಲದ ಬೀದಿ ಆ ಲೆಕ್ಕದಲ್ಲಿ ಸೊನ್ನೆ. 2025ರಲ್ಲಿ ಮಳೆ ನಿಂತದ್ದು ಮಾರ್ಚ್ 28, ಘೋಷಣೆ ಬಂದದ್ದು ಮೇ 22. ಆ ಎಂಟು ವಾರದಲ್ಲಿ ಜನ ಹಾಳಾದದ್ದನ್ನೆಲ್ಲ ಬಿಸಾಕಿ, ಗೋಡೆ ಕಟ್ಟಿಕೊಂಡು ಬಿಡ್ತಾರೆ. ಆಮೇಲೆ ಬರುವ ಇನ್‌ಸ್ಪೆಕ್ಟರ್‌ಗೆ ಹಾನಿ ಕಾಣಲ್ಲ. ಅದಕ್ಕೇ ಫೋಟೊ ಬೇಕು. ಗೋಡೆಯ ಮೇಲಿನ ನೀರಿನ ಗೆರೆಗೆ ಅಳತೆ ಟೇಪು ಹಿಡಿದು ಒಂದು, ಪ್ರತಿ ಕೋಣೆಯ ನಾಲ್ಕು ಮೂಲೆಯಿಂದ ಒಂದೊಂದು, ಹೊರಗಿನಿಂದ ಮನೆ ನಂಬರ್ ಕಾಣುವ ಹಾಗೆ ಒಂದು, ಫ್ರಿಜ್ಜು, ಒಲೆ, ವಾಟರ್ ಹೀಟರ್‌ಗಳ ಹಿಂದಿರುವ ಕ್ರಮಸಂಖ್ಯೆಯ ಪಟ್ಟಿಯದ್ದು ಒಂದೊಂದು. ಕೊಂಡ ಪ್ರತಿ ಸಾಮಾನಿನ ರಸೀತಿ ಇಟ್ಟುಕೊಳ್ಳಿ.

ಎರಡನೆಯದು ಮಾಲೀಕತ್ವ. ಅರ್ಜಿಗಳು ಬೀಳುವುದು ಹೆಚ್ಚಾಗಿ ಇಲ್ಲೇ. ಹಕ್ಕುಪತ್ರ ಇಲ್ಲ ಅಂದ ತಕ್ಷಣ ಜನ ಕೈ ಬಿಡ್ತಾರೆ, ಬಿಡಬಾರದು. ನಿಯಮದ ಪ್ರಕಾರ ಹಕ್ಕುಪತ್ರ ಇಲ್ಲದಿದ್ದರೂ ಬಾಡಿಗೆ ಕೊಡದೆ ವಾಸವಿದ್ದು, ತೆರಿಗೆ ಕಟ್ಟುವ ಅಥವಾ ಮನೆಯ ನಿರ್ವಹಣೆ ಹೊತ್ತವರನ್ನೂ ಮಾಲೀಕರು ಅಂತ ಪರಿಗಣಿಸಬಹುದು. ತೆರಿಗೆ ರಸೀತಿ, ಕಂತಿನ ಕರಾರು, ಮೊಬೈಲ್ ಮನೆ (ಕಾರ್ಖಾನೆಯಲ್ಲಿ ಕಟ್ಟಿ ಚಕ್ರದ ಮೇಲೆ ತಂದು ನಿಲ್ಲಿಸುವ ಮನೆ) ಕೊಂಡ ಚೀಟಿ, ಹಿಂದಿನ ಐದು ವರ್ಷದಲ್ಲಿ ಮಾಡಿಸಿದ ದೊಡ್ಡ ದುರಸ್ತಿಯ ರಸೀತಿ, ಇವು ಯಾವುದಾದರೂ ನಡೆಯುತ್ತೆ. ಮೊಬೈಲ್ ಮನೆ ಅಥವಾ ಅಪ್ಪ-ಅಜ್ಜಂದಿರಿಂದ ಬಂದ ಮನೆಯಾಗಿದ್ದು ಯಾವ ಕಾಗದವೂ ಇಲ್ಲದಿದ್ದರೆ, 2021ರಿಂದ ಕೊನೆಯ ದಾರಿಯಾಗಿ ಸ್ವಯಂ ಘೋಷಣೆ ಒಪ್ಪುತ್ತಾರೆ. ಅದರಲ್ಲಿ ವಿಳಾಸ, ಎಷ್ಟು ವರ್ಷದಿಂದ ವಾಸ, ಕಾಗದ ಯಾಕಿಲ್ಲ, ಸಹಿ, ಇಷ್ಟು ಇರಲಿ.

ಮೂರನೆಯದು, "ಅನರ್ಹ" ಅಂತ ಪತ್ರ ಬಂದರೆ ಅದು ಕೊನೆಯಲ್ಲ. ಬಹಳ ಸಲ ಒಂದು ಕಾಗದ ಕಡಿಮೆ ಇದೆ ಅಂತ ಅರ್ಥ. ಪತ್ರದ ತಾರೀಖಿನಿಂದ 60 ದಿನದಲ್ಲಿ ಮೇಲ್ಮನವಿ ಹಾಕಬಹುದು. ಪ್ರತಿ ಹಾಳೆಯ ಮೇಲೂ ಅರ್ಜಿ ಸಂಖ್ಯೆ ಮತ್ತು ವಿಪತ್ತಿನ ಸಂಖ್ಯೆ ಬರೆಯಿರಿ, 2025ರ ಮಳೆಗೆ ಅದು 4871. ದುರಸ್ತಿಯ ಅಂದಾಜು ಪಟ್ಟಿಯನ್ನು ಗುತ್ತಿಗೆದಾರರು ಬರೆದುಕೊಡುವಾಗ "ಫ್ಲೋರ್ ಕೆಲಸ 6,000" ಅಂತ ಒಂದೇ ಸಾಲಲ್ಲಿ ಮುಗಿಸ್ತಾರೆ, ಅದು ಸಾಲದು. ಯಾವ ಕೋಣೆ, ಎಷ್ಟು ಚದರ ಅಡಿ, ಹಾನಿ ನೆರೆಯಿಂದಲೇ ಅನ್ನುವ ಮಾತು, ಫೋನ್ ನಂಬರು, ಎಲ್ಲ ಬೇಕು.

ಮಿತಿ ಗೊತ್ತಿರಲಿ: 2024ರ ಅಕ್ಟೋಬರ್ 1ರಿಂದ ಒಂದು ವರ್ಷದಲ್ಲಿ ಘೋಷಣೆಯಾದ ವಿಪತ್ತುಗಳಿಗೆ ಮನೆಗಾಗಿ ಗರಿಷ್ಠ 43,600 ಡಾಲರ್, ಇತರ ಅಗತ್ಯಕ್ಕೆ ಪ್ರತ್ಯೇಕವಾಗಿ ಅಷ್ಟೇ. ತುರ್ತು ಅಗತ್ಯಕ್ಕೆ ಆ ವರ್ಷ ಒಮ್ಮೆ ಕೊಡುತ್ತಿದ್ದದ್ದು 770 ಡಾಲರ್.

ಗಡಿಯಾಚೆ:
ಮನೆಯಲ್ಲಿ ವಲಸೆ ದಾಖಲೆ ಇಲ್ಲದವರಿದ್ದರೆ? ಬಹಳ ಕುಟುಂಬಗಳಲ್ಲಿ ಅಪ್ಪ-ಅಮ್ಮನಿಗೆ ಇಲ್ಲ, ಮಕ್ಕಳು ಹುಟ್ಟಿನಿಂದ ಅಮೆರಿಕದ ಪ್ರಜೆಗಳು.

ಕಾಗದಪತ್ರ:
ಮನೆಯಲ್ಲಿ ಒಬ್ಬರು ಅರ್ಹರಿದ್ದರೆ ಸಾಕು, ಅದು ಅಪ್ರಾಪ್ತ ಮಗುವಾದರೂ ಸರಿ. ಮಗುವಿನ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯ ಮೇಲೆ ದೊಡ್ಡವರು ಅರ್ಜಿ ಹಾಕಬಹುದು. ಆದರೆ ಫೆಮಾ ಇರುವುದು ವಲಸೆ ಇಲಾಖೆ ಇರುವ ಅದೇ ಮಂತ್ರಾಲಯದಡಿ, ಮತ್ತು ಅರ್ಜಿಯಲ್ಲಿ ಮನೆಯವರ ಹೆಸರು ವಿಳಾಸ ದಾಖಲಾಗುತ್ತೆ. ಹಾಕಬೇಕೋ ಬೇಡವೋ ಅಂತ ನಾವು ಇಲ್ಲಿ ಕೂತು ಹೇಳುವುದು ತಪ್ಪು. ಲೀಗಲ್ ಏಡ್ ವಕೀಲರ ಜೊತೆ ಮೊದಲು ಮಾತಾಡಬೇಕು. ಅರ್ಹತೆ ಇಲ್ಲದವರು ಅರ್ಹರು ಅಂತ ಸಹಿ ಮಾತ್ರ ಯಾವ ಕಾರಣಕ್ಕೂ ಹಾಕಬಾರದು. ಚರ್ಚ್‌ಗಳು, ಕೊಲೋನಿಯಾದ ಪ್ರೊಮೊತೊರಾಗಳು, ಅಂದರೆ ಮನೆಮನೆಗೆ ಹೋಗಿ ನೆರವಾಗುವ ಸಮುದಾಯದ ಕಾರ್ಯಕರ್ತೆಯರು, ಕೊಡುವ ನೆರವಿಗೆ ಈ ಅಡ್ಡಿ ಇಲ್ಲ.

ತೇವಾಂಶ:
ಕಾಗದದ ಕೆಲಸ ಒಂದು ಕಡೆ, ಮನೆ ಒಣಗಿಸುವ ಕೆಲಸ ಅದಕ್ಕೆ ಕಾಯಲ್ಲ. 24ರಿಂದ 48 ಗಂಟೆಯಲ್ಲಿ ಬೂಷ್ಟು ಶುರುವಾಗುತ್ತೆ. ಕಣಿವೆಯ ಸೆಖೆಯಲ್ಲಿ ಅದಕ್ಕೆ ಬೇರೆ ಏನೂ ಬೇಡ. ಫೋಟೊ ತೆಗೆದ ಮೇಲೆ ಕೆಲಸ ಹಿಡಿಯಿರಿ. ಪರಿಹಾರ ಬರಲಿ ಅಂತ ಒದ್ದೆ ಗೋಡೆ ಇಟ್ಟುಕೊಂಡು ಕೂರಬೇಡಿ.

ಜಿಪ್ಸಂ ಹಲಗೆಯ ಗೋಡೆ ನೀರನ್ನು ಬತ್ತಿ ಹಾಗೆ ಮೇಲಕ್ಕೆ ಎಳೆಯುತ್ತೆ. ಗೆರೆ 8 ಇಂಚಿಗೆ ಕಂಡರೂ ಒಳಗೆ ಇನ್ನೂ ಮೇಲಕ್ಕೆ ಏರಿರುತ್ತೆ. ಗೆರೆಯಿಂದ ಕನಿಷ್ಠ 12 ಇಂಚು ಮೇಲೆ ಕೊಯ್ಯಿರಿ. ಹಲಗೆಯ ಅಗಲ 4 ಅಡಿ, ಹಾಗಾಗಿ ನೀರು 2 ಅಡಿ ದಾಟಿದ್ದರೆ ನೇರ 4 ಅಡಿಗೆ ಕೊಯ್ದರೆ ಹೊಸ ಹಲಗೆ ತುಂಡು ಮಾಡದೆ ಕೂರುತ್ತೆ. ಗೋಡೆಯೊಳಗಿನ ಒದ್ದೆ ಗಾಜಿನ ಉಣ್ಣೆ ಒಣಗಲ್ಲ, ತೆಗೆಯಲೇಬೇಕು. ಮರದ ಚೌಕಟ್ಟಿಗೆ ತೇವಮಾಪಕ ಚುಚ್ಚಿ ನೋಡಿ, 15 ಶೇಕಡಕ್ಕಿಂತ ಕೆಳಗೆ ಬರುವವರೆಗೆ ಗೋಡೆ ಮುಚ್ಚಬೇಡಿ. ಬೇಗ ಮುಚ್ಚಿದ ಗೋಡೆಯೊಳಗೆ ಬೂಷ್ಟು ಬೆಳೆದು ಮತ್ತೆ ಎಲ್ಲ ಕೀಳಬೇಕಾಗುತ್ತೆ.

ಮೊಬೈಲ್ ಮನೆ ಬೇರೆಯೇ ಸಮಸ್ಯೆ. ನೆಲದಡಿ ಕಪ್ಪು ಪ್ಲಾಸ್ಟಿಕ್ ಹಾಳೆ ಹೊಟ್ಟೆಯ ಹಾಗೆ ಬಿಗಿದಿರುತ್ತೆ, ಅದರೊಳಗೆ ಉಣ್ಣೆ. ನೆರೆ ಇಳಿದ ವಾರದ ಮೇಲೂ ಆ ಹೊಟ್ಟೆ ಜೋತು ಬಿದ್ದಿರುತ್ತೆ, ಬೆರಳಲ್ಲಿ ಒತ್ತಿದರೆ ಒಳಗೆ ನೀರು ತುಳುಕುವುದು ಗೊತ್ತಾಗುತ್ತೆ. ಮನೆಯೊಳಗೆ ನೆಲ ಒರೆಸಿ ಫ್ಯಾನ್ ಹಾಕಿ ಒಣಗಿತು ಅಂದುಕೊಳ್ತಾರೆ, ಕೆಳಗಿನಿಂದ ಅದೇ ನೀರು ನೆಲವನ್ನು ನೆನೆಸುತ್ತಾ ಇರುತ್ತೆ. ನೆಲ ಮರದ ಪುಡಿ ಒತ್ತಿ ಮಾಡಿದ ಹಲಗೆಯಾಗಿದ್ದರೆ ಊದಿಕೊಂಡು ಪುಡಿಪುಡಿ. ಒಮ್ಮೆ ಊದಿದ ಹಲಗೆಗೆ ಮತ್ತೆ ಬಲ ಬರಲ್ಲ. ಮೊದಲು ವಿದ್ಯುತ್ ಮುಖ್ಯ ಸ್ವಿಚ್ ಆರಿಸಿ, ಹಾಳೆಯ ತಗ್ಗಿನಲ್ಲಿ ಕೊಯ್ದು ನೀರು ಇಳಿಸಿ, ಒದ್ದೆ ಉಣ್ಣೆ ಎಳೆದು ಹಾಕಿ. ಏಸಿ ಕೊಳವೆ ನೆಲದಡಿಯೇ ಹೋಗಿರುತ್ತೆ, ಅದರಲ್ಲಿ ಕೆಸರು ನಿಂತಿದ್ದರೆ ತೊಳೆಯದೆ ಏಸಿ ಹಾಕಿದರೆ ಮನೆ ತುಂಬ ಬೂಷ್ಟಿನ ಗಾಳಿ.

ಬ್ಲೀಚ್ ಕೊನೆಯ ಹಂತ. ಕೆಸರಿನ ಮೇಲೆ ಸುರಿದರೆ ಕ್ಲೋರಿನ್ ಕೆಸರಿನಲ್ಲೇ ಖರ್ಚಾಗಿ ಹೋಗುತ್ತೆ. ಸೋಪು ನೀರಿನಲ್ಲಿ ತೊಳೆದು, ಆಮೇಲೆ ಒಂದು ಗ್ಯಾಲನ್ ನೀರಿಗೆ ಒಂದು ಕಪ್ ಬ್ಲೀಚ್. ಅಮೋನಿಯಾ ಇರುವ ಯಾವುದರ ಜೊತೆಗೂ ಬೆರೆಸಬೇಡಿ. ಮುಖಕ್ಕೆ ಎನ್‌95, ಕೈಗೆ ರಬ್ಬರ್ ಗ್ಲೌಸ್. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕಿಟಕಿಯ ಕಡೆಗೆ ಬರದ ಹಾಗೆ.

ಹೊಸಬ:
ಸೆಪ್ಟಿಕ್ ಟ್ಯಾಂಕ್ ತುಂಬಿ ಒಳಗೆ ನೀರು ವಾಪಸ್ ಬರ್ತಿದ್ದರೆ ಖಾಲಿ ಮಾಡಿಸಿಬಿಡಬೇಕಲ್ವಾ?

ತೇವಾಂಶ:
ನೆಲ ನೀರು ಕುಡಿದಿರುವಾಗ ಬೇಡ. ಖಾಲಿ ಟ್ಯಾಂಕ್ ಒದ್ದೆ ಮಣ್ಣಿನಲ್ಲಿ ತೇಲಿ ಮೇಲೆದ್ದು ಪೈಪು ಮುರಿಯುತ್ತೆ. ಇಂಗುಗುಂಡಿಯ ಜಾಗ ನೀರಿನಿಂದ ಹೊರಬರುವವರೆಗೆ ಶೌಚಾಲಯ, ಸ್ನಾನ, ಬಟ್ಟೆ ಒಗೆಯುವುದು ಎಲ್ಲ ಕಡಿಮೆ ಮಾಡಬೇಕು, ಆ ಜಾಗದ ಮೇಲೆ ಗಾಡಿ ಓಡಿಸಬಾರದು. ಕಣಿವೆಯ ಜೇಡಿ ಮಣ್ಣು ಬೇಗ ನೀರು ಬಿಡಲ್ಲ. ಟೆಕ್ಸಸ್ ನಿಯಮ ಈಗ ಸಾರ್ವಜನಿಕ ನಲ್ಲಿ ಇರುವ ಕಡೆ ಅರ್ಧ ಎಕರೆಗಿಂತ ಸಣ್ಣ ಹೊಸ ನಿವೇಶನಕ್ಕೆ ಸೆಪ್ಟಿಕ್ ಒಪ್ಪಲ್ಲ, ಆದರೆ ಹಳೆಯ ಕೊಲೋನಿಯಾಗಳ ನಿವೇಶನಗಳು ಅದಕ್ಕಿಂತ ಎಷ್ಟೋ ಸಣ್ಣವು. ಹಾಗಾಗಿ ಬೀದಿಯಲ್ಲಿ ನಿಂತ ನೀರನ್ನು ಮಲಿನ ನೀರು ಅಂತಲೇ ತಿಳಿಯಬೇಕು, ಮಕ್ಕಳನ್ನು ಆಡಲು ಬಿಡಬಾರದು.

ಸೊಳ್ಳೆಗೂ ಲೆಕ್ಕ ಇದೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಒಂದು ವಾರದಿಂದ ಹತ್ತು ದಿನ. ಅದು ಬೀದಿಯ ಕೆಸರಿಗಿಂತ ಟೈರು, ಬಕೆಟ್ಟು, ಹಳೆ ಫ್ರಿಜ್ಜಿನ ತಟ್ಟೆಯಲ್ಲಿ ಹೆಚ್ಚು ಇಡುತ್ತೆ. ವಾರಕ್ಕೊಮ್ಮೆ ಎಲ್ಲ ಮಗುಚಿ ಹಾಕಬೇಕು.

ಗಡಿಯಾಚೆ:
ಮೆಕ್ಸಿಕೊ ಗಡಿಗೆ ಕಟ್ಟುವ ಗೋಡೆಯ ವಿಷಯ ಬರಲಿಲ್ಲ. 2008ರ ಜುಲೈ 12ರಂದು ಅರಿಜೋನಾ ಗಡಿಯ ನೊಗಾಲೆಸ್‌ನಲ್ಲಿ ಮಳೆ ನೀರಿನ ಸುರಂಗದೊಳಗೆ ಗಡಿ ಕಾವಲು ಪಡೆ ಕಟ್ಟಿದ್ದ ಕಾಂಕ್ರೀಟ್ ತಡೆ ನೀರು ಹಿಡಿದು, ಮೆಕ್ಸಿಕೊ ಕಡೆಯ ಪಟ್ಟಣ ಮುಳುಗಿತು, ಇಬ್ಬರು ಸತ್ತರು. ನೀರಿನ ಹರಿವನ್ನು ತಡೆಯುವ, ತಿರುಗಿಸುವ ಕಟ್ಟಡ ನದಿ ಬಯಲಿನಲ್ಲಿ ಬೇಡ ಅಂತ 1970ರ ಗಡಿ ಒಪ್ಪಂದದಲ್ಲೇ ಇದೆ. ಸ್ಟಾರ್ ಕೌಂಟಿಯಲ್ಲಿ ರೋಮಾ, ರಿಯೊ ಗ್ರಾಂಡೆ ಸಿಟಿ ಕಡೆ ಬೇಲಿ ನೆರೆ ಬಯಲಿನಲ್ಲೇ ಬರುವುದರ ಬಗ್ಗೆ ಜನರ ಆತಂಕ ಇದೇ: ಕಂಬಿಗಳ ನಡುವೆ ಕಸ, ಬೊಂಬು, ಕೊಂಬೆ ಸಿಕ್ಕಿಕೊಂಡರೆ ಬೇಲಿ ಅಣೆಕಟ್ಟಾಗುತ್ತೆ.

ಕಾಲುವೆಗುಂಟ:
ಪರಿಸರ ನ್ಯಾಯದ ಮಾತು ನೆರೆಯೊಂದಕ್ಕೇ ಅಲ್ಲ. ಡೊನ್ನಾ ಜಲಾಶಯ ಮತ್ತು ಅದರ ಕಾಲುವೆ 2008ರಿಂದ ಸೂಪರ್‌ಫಂಡ್ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ ಸರ್ಕಾರ ಶುಚಿ ಮಾಡಿಸಬೇಕಾದ ಅತಿ ಮಲಿನ ಜಾಗಗಳ ಪಟ್ಟಿ, ಮೀನಿನಲ್ಲಿ ಪಿಸಿಬಿ ಅನ್ನುವ ವಿಷ. ಸುತ್ತ ಇರುವುದು ಕೊಲೋನಿಯಾಗಳೇ.

ಹಣ ಹಂಚುವ ಸೂತ್ರದಲ್ಲೂ ಇದೇ ನಡೆಯುತ್ತೆ. 2017ರ ಹಾರ್ವೆ ಚಂಡಮಾರುತದ ನಂತರದ ನೆರೆ ತಡೆ ಹಣಕ್ಕೆ ರಾಜ್ಯದ ಭೂ ಕಚೇರಿ ಅಂಕ ಕೊಟ್ಟ ರೀತಿ ಕಪ್ಪು ಮತ್ತು ಹಿಸ್ಪಾನಿಕ್ ಜನರಿಗೆ ತಾರತಮ್ಯ ಮಾಡಿತು ಅಂತ 2022ರ ಮಾರ್ಚ್‌ನಲ್ಲಿ ಕೇಂದ್ರ ವಸತಿ ಇಲಾಖೆ ಹೇಳಿತು. ಅಲ್ಲಿ ಎದ್ದು ಕಂಡದ್ದು ಒಂದು ಭಾಗಾಕಾರ: ಲಾಭ ಪಡೆಯುವ ಜನರನ್ನು ಇಡೀ ಊರಿನ ಜನಸಂಖ್ಯೆಯಿಂದ ಭಾಗಿಸುವುದು. ದೊಡ್ಡ ಜನಸಂಖ್ಯೆಯ ಕೌಂಟಿಯೊಳಗಿನ ಒಂದು ಬಡಾವಣೆಗೆ ಆ ಲೆಕ್ಕದಲ್ಲಿ ಅಂಕವೇ ಬರಲ್ಲ. 2008ರ ಡಾಲಿ ಮತ್ತು ಐಕ್ ಚಂಡಮಾರುತಗಳ ಪರಿಹಾರದ ಹಣದ ವಿಷಯದಲ್ಲಿ ಮಾತ್ರ 2010ರಲ್ಲಿ ಹೋರಾಟಗಾರರ ದೂರಿನಿಂದ ರಾಜಿ ಒಪ್ಪಂದವಾಗಿ ಬಡವರ ಮನೆಗೆ ಹೆಚ್ಚಿನ ಪಾಲು ಬಂತು. ದೂರು ಕೊಟ್ಟದ್ದರಿಂದ ಬಂತು, ತಾನಾಗಿ ಬರಲಿಲ್ಲ. ಈಗ ಆ ದಾರಿಗಳೂ ಕಿರಿದಾಗುತ್ತಿವೆ. 1994ರ ಪರಿಸರ ನ್ಯಾಯದ ಅಧ್ಯಕ್ಷೀಯ ಆದೇಶವನ್ನು 2025ರ ಜನವರಿಯಲ್ಲಿ ರದ್ದು ಮಾಡಿದರು. ಏಪ್ರಿಲ್‌ನಲ್ಲಿ ಫೆಮಾ ತನ್ನ ಬ್ರಿಕ್ ಯೋಜನೆ ನಿಲ್ಲಿಸುವುದಾಗಿ ಹೇಳಿತು, ನೆರೆಗೆ ಮುಂಚೆಯೇ ಊರು ಗಟ್ಟಿ ಮಾಡುವ ಹಣ ಅದು. ಕೇಂದ್ರದ ಹಣ ಪಡೆಯುವವರು ಜನಾಂಗ, ಬಣ್ಣ, ಮೂಲ ನೋಡಿ ತಾರತಮ್ಯ ಮಾಡಬಾರದು ಅನ್ನುವ 1964ರ ನಾಗರಿಕ ಹಕ್ಕು ಕಾನೂನಿನ ಆರನೇ ಅಧ್ಯಾಯ ಸಂಸತ್ತಿನ ಕಾನೂನು, ಅದು ಇನ್ನೂ ಇದೆ.

ಹೊಸಬ:
ನೆರೆ ಇಲ್ಲದ ದಿನ ಒಂದು ಬೀದಿಯವರು ಕೂಡಿ ಏನು ಮಾಡಬಹುದು? ಪಂಪು ತಂದಿಟ್ಟುಕೊಂಡರೆ?

ಮಳೆಮಾಪಕ:
ಪಂಪಿನ ಲೆಕ್ಕ ಹಾಕಿ ನೋಡಿ. ಒಂದು ಎಕರೆಯ ಮೇಲೆ ಒಂದು ಇಂಚು ನೀರು ಅಂದರೆ ಸುಮಾರು 27,150 ಗ್ಯಾಲನ್. ಅರ್ಧ ಎಕರೆಯಲ್ಲಿ 6 ಇಂಚು ನಿಂತರೆ 81,000ಕ್ಕೂ ಹೆಚ್ಚು. 2 ಇಂಚಿನ ಪೆಟ್ರೋಲ್ ಪಂಪು ನಿಮಿಷಕ್ಕೆ 150 ಗ್ಯಾಲನ್ ಎತ್ತಿದರೂ 9 ಗಂಟೆ. ಎತ್ತಿ ಎಲ್ಲಿಗೆ ಬಿಡ್ತೀರಿ? ಚರಂಡಿ ತುಂಬಿದ್ದರೆ ಪಕ್ಕದ ಮನೆಗೆ. ಪಂಪು ಕೆಲಸಕ್ಕೆ ಬರುವುದು ದೊಡ್ಡ ಕಾಲುವೆಯಲ್ಲಿ ಮಟ್ಟ ಇಳಿದ ಮೇಲೆ.

ಬೀದಿಯವರು ಮಾಡಬಹುದಾದದ್ದು ಗೇಟಿನ ಪೈಪುಗಳ ಪಟ್ಟಿ. ಮೇ ತಿಂಗಳೊಳಗೆ ಮಾಡಬೇಕು, ಚಂಡಮಾರುತದ ಕಾಲ ಜೂನ್ 1ಕ್ಕೆ ಶುರು. ಒಂದು ತುದಿಯಿಂದ ನಡೆಯುತ್ತಾ ಪ್ರತಿ ಪೈಪಿಗೆ ಮನೆ ನಂಬರು, ವ್ಯಾಸ, ಹೂಳಿನ ಆಳ, ಅದು ಮುಂದಿನ ಪೈಪಿಗಿಂತ ಮೇಲಿದೆಯೋ ಕೆಳಗಿದೆಯೋ ಅಂತ ಬರೆದುಕೊಳ್ಳಿ. ಮಟ್ಟ ನೋಡಲು 30 ಅಡಿ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿದರೆ ಸಾಕು, ಗಾರೆ ಕೆಲಸದವರು ಮಾಡುವ ಹಾಗೆ, ಒಳಗೆ ಗಾಳಿ ಗುಳ್ಳೆ ಉಳಿಯಬಾರದು. ಉಲ್ಟಾ ಇಳಿಜಾರು ಎಲ್ಲಿದೆ ಅನ್ನುವುದು ಒಂದು ಮಧ್ಯಾಹ್ನದಲ್ಲಿ ಸಿಗುತ್ತೆ.

ಆ ಪಟ್ಟಿಯ ಜೊತೆ ಫೋಟೊ ಇಟ್ಟು ಕೌಂಟಿಯ ಪ್ರಿಸಿಂಕ್ಟ್ (ವಿಭಾಗ) ಕಚೇರಿಗೆ ಲಿಖಿತವಾಗಿ ಕೊಡಿ, ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಫೋನಿನ ದೂರಿಗೆ ಗುರುತು ಉಳಿಯಲ್ಲ. ಅದೇ ಪ್ರತಿ ಡ್ರೇನೇಜ್ ಡಿಸ್ಟ್ರಿಕ್ಟ್‌ಗೂ, ಇರಿಗೇಶನ್ ಡಿಸ್ಟ್ರಿಕ್ಟ್‌ಗೂ ಹೋಗಲಿ, ಯಾಕೆಂದರೆ ಪ್ರತಿಯೊಬ್ಬರೂ "ಅದು ಅವರದ್ದು" ಅನ್ನುವುದು ಖಚಿತ. ಮೂವರ ಉತ್ತರವನ್ನೂ ಒಂದೇ ಕಾಗದದಲ್ಲಿ ಜೋಡಿಸಿ ಕಮಿಷನರ್ಸ್ ಕೋರ್ಟ್ (ಹೆಸರಿಗೆ ಕೋರ್ಟ್, ಅದು ಕೌಂಟಿಯ ಆಡಳಿತ ಮಂಡಳಿ) ಸಭೆಯಲ್ಲಿ ಸಾರ್ವಜನಿಕರ ಮಾತಿನ ಅವಧಿಯಲ್ಲಿ ಓದಿ. ಆಗ ಅದು ಸಭೆಯ ದಾಖಲೆಗೆ ಸೇರುತ್ತೆ.

ಕಾಗದಪತ್ರ:
ಒಂದು ಎಚ್ಚರಿಕೆ ಬಿಟ್ಟುಹೋಗಿತ್ತು. ಮನೆ ಫೆಮಾ ನಕ್ಷೆಯ ಹೆಚ್ಚಿನ ಅಪಾಯದ ವಲಯದಲ್ಲಿದ್ದು ಒಮ್ಮೆ ನೆರೆ ಪರಿಹಾರ ಪಡೆದರೆ, ಅಲ್ಲಿಂದ ಮುಂದೆ ನೆರೆ ವಿಮೆ ಇಟ್ಟುಕೊಳ್ಳುವ ಷರತ್ತು ಬರುತ್ತೆ. ಬಿಟ್ಟರೆ ಮುಂದಿನ ನೆರೆಗೆ ಮನೆ ದುರಸ್ತಿಯ ಹಣ ಸಿಗಲ್ಲ. ಹೊಸ ಪಾಲಿಸಿ ಸಾಮಾನ್ಯವಾಗಿ 30 ದಿನದ ನಂತರವೇ ಜಾರಿಗೆ ಬರುತ್ತೆ, ಹಾಗಾಗಿ ಜೂನ್ ಮಳೆಗೆ ಬೇಕಾದ ವಿಮೆಯನ್ನು ಏಪ್ರಿಲ್‌ನಲ್ಲೇ ಮಾಡಿಸಬೇಕು. ಪರಿಹಾರದ ಪತ್ರದ ಹಿಂದಿನ ಪುಟಗಳಲ್ಲಿ ಈ ಷರತ್ತು ಇರುತ್ತೆ. ಮೊದಲ ಪುಟದ ಮೊತ್ತ ನೋಡಿ ಪತ್ರ ಮಡಚಿಡಬೇಡಿ, ಸ್ಪ್ಯಾನಿಷ್ ಪ್ರತಿ ಕೇಳಿ ಪಡೆದು ಪೂರ್ತಿ ಓದಿಸಿ.